ಕರಿಗೇರು

ಕೋಟೆಯೊಳಗೆ ಅಕ್ಕಿ ಮುಗಿದ ವಾರ
ಡಂಗುರದವನು ನಮ್ಮ ಬೀದಿಗೆ ಬಂದ:
ಬಂದೂಕು ಹಿಡಿಯದ ಬಾಯಿಗಳೆಲ್ಲ
ಬೆಳಗಾಗುವುದರೊಳಗೆ ಹೊರಗೆ.

ಅಮ್ಮ ಒಗೆಯಲು ತಂದ ಗಂಟು ಇನ್ನೂ ಬಿಚ್ಚಿರಲಿಲ್ಲ.
ಹದಿನೇಳು ಅಂಗಿ, ಪರಂಗಿಯವರವು.
ಅಡ್ಡಗೀಟು ಡೋಲಿನ ಹುಡುಗನದು,
ಎರಡು ಚುಕ್ಕೆ, ಒಂದು ಕೊಕ್ಕೆ, ವೈದ್ಯನದು.
ಅಕ್ಷರ ಬಾರದ ಅರಿಯಾಯಿ, ನನ್ನಮ್ಮ,
ಪುದುಚ್ಚೇರಿಯ ಅರ್ಧ ಊರನ್ನು
ಕೊರಳಪಟ್ಟಿಯ ಒಳಮಗ್ಗುಲಲ್ಲಿ ಓದುತ್ತಿದ್ದಳು.
ನಮ್ಮ ಬಟ್ಟೆಗೆ ಮಾತ್ರ ಗುರುತಿರಲಿಲ್ಲ.
ಯಾರ ಮನೆಯದರೊಡನೆ ಅದು ಬೆರೆತುಹೋದೀತು?

ಬಾಗಿಲಲ್ಲಿ ನೂಕುನುಗ್ಗಲು.
ಕರಿಗೇರಿಗೆ ಸೂಜಿ ಚುಚ್ಚಿ ಅಮ್ಮ
ನನ್ನ ಮುಂಗೈಗೊಂದು, ತಮ್ಮನ ಹೊಟ್ಟೆಗೊಂದು
ಗುರುತು ಹಾಕಿದಳು: ಮೂರು ಚುಕ್ಕೆ, ಕೆಳಗೊಂದು ಮೀನು.
ಆ ಗಳಿಗೆಗೆ ಹೊಳೆದದ್ದು.
ಕಳೆದುಹೋದರೆ ಕೈ ತೋರಿಸು, ಅಂದಳು.
ಉರಿಗೆ ಅತ್ತೆ.
ಅಳು, ಅಳು, ದೂರಕ್ಕೆ ಕೇಳುತ್ತದೆ.

ಹೊರಗೆ ಎಂಬುದು ಇರಲೇ ಇಲ್ಲ.
ಮುಂದೆ ಇಂಗ್ಲಿಷರು ತೋಡಿದ ಹಳ್ಳ, ಹಿಂದೆ ಮುಚ್ಚಿದ ಬಾಗಿಲು,
ನಡುವೆ ಒಂದು ಕೂಗಳತೆ ಮರಳು.
ಅತ್ತ ಹೋದರೆ ಗುಂಡು, ಇತ್ತ ಬಂದರೆ ಗುಂಡು,
ಎರಡು ಭಾಷೆಯಲ್ಲಿ ಒಂದೇ ಬೈಗುಳ.
ಹುಲ್ಲು ಮುಗಿಯಿತು. ಬೇರು ಅಗೆದೆವು.
ಬೇರಿಗೆ ತುಸು ಉಪ್ಪಿತ್ತು, ಅದೊಂದು ವಾಸಿ.
ಬಲೆಯ ಮುತ್ತಾಲು ಅಜ್ಜ ದಿನಾ ಸಂಜೆ
ಕಡಲ ಕಡೆ ಮೂಗೆತ್ತಿ ಹೇಳುತ್ತಿದ್ದ:
ಬಂಗುಡೆ ಬಂದಿದೆ ಕಣ್ರೋ, ಹಿಂಡು ಹಿಂಡು.
ನಾಲ್ಕನೆಯ ಸಂಜೆ ಹೇಳಲಿಲ್ಲ.

ಐದನೆಯ ದಿನ ತಮ್ಮ ಅಳುವುದನ್ನು ನಿಲ್ಲಿಸಿದ.
ಅಮ್ಮ ಗಂಟು ಬಿಚ್ಚಿದಳು.
ವೈದ್ಯನ ಅಂಗಿ ಎಲ್ಲಕ್ಕಿಂತ ಮೆತ್ತಗಿತ್ತು.
ಒಗೆಯದ ಬಟ್ಟೆ, ಅಂದಳು, ನನ್ನ ಕಡೆ ನೋಡದೆ,
ಒಗೆಯದ ಬಟ್ಟೆಯಲ್ಲಿ ಯಾರನ್ನೂ ಕಳಿಸಬಾರದು.
ನೀರಿರಲಿಲ್ಲ.
ಕಡಲು ಕಾಣುತ್ತಿತ್ತು.

ಆಮೇಲೆ ದಾರಿ ಬಿಟ್ಟರು. ಯಾಕೆ ಬಿಟ್ಟರೋ.
ಆಮೇಲೆ ಕೋಟೆ ಬಿತ್ತು, ಅದರ ಇಟ್ಟಿಗೆ
ಎತ್ತಿನಗಾಡಿಯೇರಿ ಯಾರ್ಯಾರ ಬಾವಿಕಟ್ಟೆಗೋ ಹೋಯಿತು.
ವರ್ಷಗಳ ಮೇಲೆ ಪರಂಗಿಯವರು ಮರಳಿದಾಗ
ಅಮ್ಮ ಗಂಟು ಹೊತ್ತು ನಡೆದಳು.
ಒಗೆದು, ಗಂಜಿ ಹಾಕಿ, ಮಡಿಸಿಟ್ಟಿದ್ದಳು,
ತೊಡುವವರು ಇದ್ದಾರೋ ಇಲ್ಲವೋ.
ಗುಮಾಸ್ತ ಎಣಿಸಿದ: ಕೊಟ್ಟದ್ದು ಹದಿನೇಳು, ಬಂದದ್ದು ಹದಿನಾರು.
ಒಂದು ಕಳವು, ಎಂದು ಬರೆದುಕೊಂಡ.
ಅಮ್ಮ ಸೆರಗಿನ ಗಂಟು ಬಿಚ್ಚಿ
ಎರಡು ಪಣ ಮೇಜಿನ ಮೇಲಿಟ್ಟಳು.

ನನ್ನ ಮುಂಗೈಯ ಮೀನು ಈಗ ಸುಕ್ಕಾಗಿದೆ,
ಬಾಲ ಎಲ್ಲಿ, ನರ ಎಲ್ಲಿ ತಿಳಿಯದು.
ಇನ್ನೊಂದಿದೆ, ಆ ಮರಳಿನಲ್ಲಿ, ಚಿಕ್ಕದು.
ಮೇಲಿನ ಅಂಗಿ ಯಾರದಾದರೂ ಇರಲಿ,
ಯಾರಿಗಾದರೂ ಸಿಕ್ಕರೆ
ನಮ್ಮ ಮನೆಯದು.