ಹೊಸ ಸೈಲೆನ್ಸರ್

ಬೆಳಿಗ್ಗೆ ಬಿಳಿ ಹೊಗೆ, ಖಲಂದರ್ ಸಾಬ್ರೇ,
ಬಾಳ್ಳುಪೇಟೆ ಏರಿಗೆ ಕರಿ,
ಒಂದೊಂದಿನ ನೀಲಿ.
ಆಯಿಲ್ ಎಷ್ಟು ಕುಡಿಯುತ್ತೋ ಲೆಕ್ಕ ಬಿಟ್ಟಿದೀನಿ.

ಸಾಬರು ಮಾತಾಡಲಿಲ್ಲ.
ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ,
ಹಿಡಿ ಕಿವಿಗೆ. ಕಣ್ಣು ಮುಚ್ಚಿ ಕೇಳಿದರು.
"ಹದಿನೇಳು ವರ್ಷ ಬಿತ್ತನೆ ಆಲೂಗಡ್ಡೆ ಹೊರಿಸಿದೀರಿ.
ದೂರು ಹೇಳ್ತಿರೋದು ಇದು, ಮೊಗಣ್ಣ,
ನಿಮ್ಮ ಮೇಲೆ."

ಇಂಜಿನ್ ಬಿಚ್ಚಿಸಲು ಈ ಸಲವೂ ದುಡ್ಡಿಲ್ಲ.
ತೂತುಬಿದ್ದ ಸೈಲೆನ್ಸರೊಂದನ್ನೇ ಬದಲಿಸಿ
ತಣ್ಣೀರುಹಳ್ಳದಿಂದ ಮನೆವರೆಗೆ
ಸಾಲ ಕೇಳಲು ಹೊರಟವನಂತೆ ಮೆತ್ತಗೆ ಬಂದೆ.

ಗೇಟು ತೆರೆಯಲಿಲ್ಲ.
ಮೊದಲಾದರೆ ಡೇರಿ ಸರ್ಕಲ್ಲಿನಲ್ಲಿ ಗಾಡಿ ಕೆಮ್ಮಿದರೆ ಸಾಕು,
ಇಲ್ಲಿ ಮುದ್ದೆಗೆ ಎಸರಿಡುತ್ತಿದ್ದಳು.
ಈಗ ಕಿಟಕಿಯಾಚೆ ತಂಗಿಗೆ ಫೋನಿನಲ್ಲಿ:
"ಮಾರೋಕಾಗಲ್ಲ, ಇಟ್ಕೊಳ್ಳೋಕಾಗಲ್ಲ ಕಣೇ.
ಒಂದು ಏರು ಹತ್ತಿದ್ರೆ ಏದುಸಿರು.
ರಾತ್ರಿಯೆಲ್ಲ ಗೊರಗೊರ."

ರಾತ್ರಿ ಹೊತ್ತು ಗಾಡಿ ತೆಗೆಯುವುದೇ ಇಲ್ಲ ನಾನು.

ಸ್ಟೇರಿಂಗ್ ಹಿಡಿದು ಸ್ವಲ್ಪ ಹೊತ್ತು ಕೂತೆ.
ಆಮೇಲೆ ರಿವರ್ಸಿನಲ್ಲಿ, ಕಲ್ಲು ಸಿಡಿಯದ ಹಾಗೆ,
ಬೀದಿ ತುದಿವರೆಗೆ ಹೋಗಿ
ಹಾರ್ನ್ ಒತ್ತುತ್ತ ಬಂದೆ.