ಮಿಲಿಗೆ ಹತ್ತು ಕೋಟಿ

ಬೈಕಂಪಾಡಿಯಲ್ಲಿ ರಾತ್ರಿ ಎರಡೂವರೆ.
ಮೊದಲ ದಿನ ಎಳನೀರಿನಷ್ಟು ತಿಳಿಯಿದ್ದದ್ದು
ಹತ್ತೊಂಬತ್ತನೆಯ ದಿನಕ್ಕೆ ಗಂಜಿಯಾಗಿದೆ,
ಗಾಜಿನೊಳಗೆ ತಿರುಗುವ ರೆಕ್ಕೆ ಕಾಣಿಸುವುದಿಲ್ಲ.
ತೊಟ್ಟು ತೆಗೆದು, ನೀಲಿ ಬೆರೆಸಿ, ಎಣಿಸಿದೆ:
ಸತ್ತವು ನೀಲಿ ಕುಡಿಯುತ್ತವೆ,
ಬದುಕಿದ್ದವು ಒಲ್ಲೆ ಅನ್ನುತ್ತವೆ.
ಒಲ್ಲೆ ಅಂದವೇ ಮಿಲಿಗೆ ಹತ್ತು ಕೋಟಿ.
ಕಾಲು ಚಮಚದ ಜಾಗದಲ್ಲಿ
ನಮ್ಮ ಜಿಲ್ಲೆಯಂಥ ಐವತ್ತು ಜಿಲ್ಲೆ.

ಎಂದೋ ಸತ್ತ ಒಂದು ಪುಟ್ಟ ಹ್ಯಾಮ್‌ಸ್ಟರಿನ
ಅಂಡಾಶಯದಿಂದ ಹೊರಟ ಸಂತತಿ ಇದು.
ಅದು ಸತ್ತ ಸುದ್ದಿ ಇವಕ್ಕಿನ್ನೂ ಮುಟ್ಟಿಲ್ಲ.

ಊಟ ಒಂದು ಕೊಳವೆಯಲ್ಲಿ ಬರುತ್ತದೆ,
ಎಂಜಲು ಇನ್ನೊಂದರಲ್ಲಿ ಹೋಗುತ್ತದೆ,
ಇವು ಇಲ್ಲೇ ಇರುತ್ತವೆ.
ಆ ಎಂಜಲನ್ನೇ ನಾವು ತಣ್ಣಗಿಟ್ಟು ಕಾಯುವುದು;
ಯಾರದೋ ಗಂಟುನೋವಿಗೆ ಅದರೊಳಗೆ ಮದ್ದಿದೆ.

ಬೆಂಗ್ರೆಯ ದೂಮ ಮಾವನಿಗೆ ಇದನ್ನೆಲ್ಲ ಹೇಳಿದ್ದೆ.
ನೀರು ಬಿಟ್ಟು ಜೀವ ಹಿಡಿಯುವುದೆಂದರೆ ಬಲೆ,
ಅವರಿಗೆ ಬೇರೆ ಪಾಠ ಬೇಡ.
"ಕಣ್ಣೆಷ್ಟು?" ಅಂದರು.
ಒಂದು ಕೂದಲನ್ನು ಉದ್ದಕ್ಕೆ ನಾನೂರು ಸೀಳು ಮಾಡಿದರೆ
ಒಂದು ಸೀಳಿನಷ್ಟು, ಅಂದೆ.
ಹೆಣೆಯುವ ಸೂಜಿ ನಿಲ್ಲಿಸದೆ ಕೇಳಿದರು:
"ಅಷ್ಟು ಸಣ್ಣ ಕಣ್ಣಿಗೆ ಕೆಸರು ಕಟ್ಟುವುದಿಲ್ಲವಾ?"

ಕಂಪನಿಯ ದೊಡ್ಡವರು ಎರಡು ವರ್ಷ ತಲೆಕೆಡಿಸಿಕೊಂಡ ಪ್ರಶ್ನೆ.
ಕಟ್ಟುತ್ತದೆ ಮಾವ. ಅದಕ್ಕೇ ನನಗೆ ರಾತ್ರಿ ಪಾಳಿ.
ಪಂಪು ಎಳೆಯುತ್ತದೆ, ತಿರುಗಿ ದೂಡುತ್ತದೆ,
ಇಳಿತ, ಭರತ,
ಇಳಿತ, ಭರತ,
ಅಳಿವೆಯ ಬಾಯಿ ಇಡೀ ದಿನ ಹಿಡಿದು ಮಾಡುವುದನ್ನು
ನನ್ನದೊಂದು ತೂಕಡಿಕೆಯಲ್ಲಿ ನೂರು ಸಲ.

ಐದು ಗಂಟೆಗೆ ಇನ್ನೊಂದು ಕೆಲಸ.
ಹತ್ತರಲ್ಲೊಂದು ಪಾಲು ಚೆಲ್ಲಬೇಕು.
ನೀಲಿ ಕುಡಿದವನ್ನಷ್ಟೇ ಅಲ್ಲ, ಆರಿಸಲಿಕ್ಕೆ ಬರುವುದಿಲ್ಲ,
ಕೊಳವೆಯ ಬಾಯಿಗೆ ಸಿಕ್ಕವು, ಬದುಕಿದ್ದವು.
ಚೆಲ್ಲದಿದ್ದರೆ ಉಳಿದವಕ್ಕೆ ಉಸಿರಿಲ್ಲ.
ಫ್ಲೋಸಿ ಕ್ರಾಸ್ತಾ ಕಲಿಸುವಾಗ ಇದಕ್ಕೆ ಬ್ಲೀಡ್ ಅಂದರು.
ಯಾರ ರಕ್ತ ಮೇಡಂ, ಅಂದೆ, ತಮಾಷೆಗೆ.
ಅವರು ನಗಲಿಲ್ಲ;
ಕವಾಟದಿಂದ ತಮ್ಮ ಕೈ ತೆಗೆದು
ನನ್ನದನ್ನು ಇಡಿಸಿದರು.

ಏಳರ ಸಿಟಿ ಬಸ್ಸು. ಬಾಗಿಲಲ್ಲಿ ನೇತಾಡುತ್ತ
ಕಂಡಕ್ಟರ್ ಕೂಗುತ್ತಾನೆ, ದುಂಬು ಪೋಲೆ, ದುಂಬು ಪೋಲೆ.
ದುಂಬು ಎಲ್ಲಿದೆ? ನನ್ನ ಮೊಣಕೈ ಯಾರದೋ ಬೆನ್ನಿನಲ್ಲಿ,
ಯಾರದೋ ಟಿಫಿನ್ನು ನನ್ನ ಪಕ್ಕೆಲುಬಿನಲ್ಲಿ.
ಕೂಳೂರಿನಲ್ಲಿ ನಾಲ್ವರು ಇಳಿದರು.
ಉಳಿದವರೆಲ್ಲ ಒಮ್ಮೆ ಉಸಿರು ಬಿಟ್ಟೆವು.
ಇಳಿದವರ ಮುಖ ನಾನೂ ನೋಡಲಿಲ್ಲ.

ಬಂದರಿನಿಂದ ದೋಣಿ ದಾಟಿದರೆ
ಮಾವ ಮರಳಲ್ಲಿ ಬಲೆ ಹರವಿ ಕೂತಿದ್ದಾರೆ.
"ಕಟ್ಟಿತಾ?"
"ಇವತ್ತು ಇಲ್ಲ."