ಇಚ್ಛೆಯ ಕಾಲಂ

ಕಡೇ ದಿನ ಮಂಗಳವಾರ, ಸಂಜೆ ಐದೂವರೆ.
ಅಷ್ಟರೊಳಗೆ ನನಗೆ ಇಚ್ಛೆ ಹುಟ್ಟಬೇಕು.

ಹುಟ್ಟಿದ್ದನ್ನು ಕಂಪ್ಯೂಟರಿಗೆ ಹಾಕಬೇಕು.
ನನ್ನ ಪಾಸ್‌ವರ್ಡ್ ನನಗೇ ಗೊತ್ತಿಲ್ಲ,
ಜೆ.ಟಿ.ಓ. ಹುಡುಗಿ ಚೀಟಿಯಲ್ಲಿ ಬರೆದು ಅಂಟಿಸಿದ್ದಾಳೆ.
‘ಯಾರ ಒತ್ತಾಯವೂ ಇಲ್ಲದೆ’ ಅಂತ ಒಂದು ಸಾಲು,
ಪಕ್ಕದಲ್ಲೊಂದು ಖಾಲಿ ಚೌಕ.
“ಟಿಕ್ ಹಾಕ್ದಿದ್ರೆ ಮುಂದಕ್ಕೇ ಹೋಗಲ್ಲ ಸರ್,
ಹಾಕ್ಲೇಬೇಕು” ಅಂದಳು.

ಮನೆಯಲ್ಲಿ ಅಮ್ಮಣ್ಣಿ
ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಗೆ
ಮೂರು ಸಲ ಕೂಡಿ ಕಳೆದಿದ್ದಾಳೆ,
ಮೂರು ಸಲಕ್ಕೂ ಮೂರು ಉತ್ತರ.
ಸೊಸೈಟಿ ಸಾಲ ಕಳೆದು, ಚಿಕ್ಕವಳ ಬಿ.ಎಡ್. ಕಳೆದು,
ನನ್ನ ಸಕ್ಕರೆ ಮಾತ್ರೆಯನ್ನು ಅರವತ್ತರ ತನಕ ಗುಣಿಸಿ—
“ಎಪ್ಪತ್ತರ ತನಕ ಇದ್ರೆ?” ಅಂದೆ.
ಪೆನ್ಸಿಲ್ ಇಟ್ಟು ಒಲೆ ಕಡೆ ಹೋದಳು.

ನಾನು ಕೇಬಲ್ ಜಾಯಿಂಟರ್.
ಹಾಸನದ ಹೊಟ್ಟೆಯೊಳಗೆ ಮೂವತ್ತೊಂದು ವರ್ಷ ಕೂತವನು,
ಒದ್ದೆ ಗೋಣಿ ಹಾಸಿ, ಟಾರ್ಚು ಹಲ್ಲಲ್ಲಿ ಕಚ್ಚಿ
ಬಿಳಿಗೆ ನೀಲಿ, ಬಿಳಿಗೆ ಕಿತ್ತಳೆ, ಬಿಳಿಗೆ ಹಸಿರು,
ಬಿಳಿಗೆ ಕಂದು, ಬಿಳಿಗೆ ಸ್ಲೇಟು,
ಆಮೇಲೆ ಕೆಂಪಿಗೆ ಮತ್ತೆ ನೀಲಿಯಿಂದ.
ಜೋಡಿ ತಪ್ಪಿ ಗಂಟು ಹಾಕಿದರೆ
ಡಾಕ್ಟರ ಮನೆಗೆ ಮಾಡಿದ ಫೋನು
ಬ್ರಾಂದಿ ಅಂಗಡಿಯಲ್ಲಿ ಹೊಡೆದುಕೊಳ್ಳುತ್ತದೆ.
ಒಮ್ಮೆ ಹಾಗಾಗಿತ್ತು.
ಯಾರ ಕೈಯಿಂದ ಅಂತ ಈಗಲೂ ಹೇಳುವುದಿಲ್ಲ.

ಬಸ್‌ಸ್ಟ್ಯಾಂಡಿನ ಅಡಿಯಲ್ಲಿ ಇನ್ನೂ ಕೆರೆಯಿದೆ.
ಊರು ಮರೆತಿದೆ, ಕೇಬಲ್ಲು ಮರೆತಿಲ್ಲ.
ನಾಲ್ಕು ಹನಿ ಬಿದ್ದರೆ ಸಾಕು, ಆ ಕಡೆಯ ಇನ್ನೂರು ಜೋಡಿ
ಶೀತ ಹಿಡಿದ ಮಕ್ಕಳಂತೆ ಗೊರಗೊರ ಅನ್ನುತ್ತಿದ್ದವು.
ಎಲ್ಲಿ ತಿರುಗುತ್ತದೆ, ಎಲ್ಲಿ ಮೋರಿ ದಾಟುತ್ತದೆ,
ನಕ್ಷೆಯನ್ನು ಗೆದ್ದಲು ತಿಂದು
ಉಳಿದದ್ದು ನನ್ನ ತಲೆಯಲ್ಲಿ.
ಹಿಂತಿರುಗಿಸಬೇಕಾದ್ದರ ಪಟ್ಟಿಯಲ್ಲಿ
ಬೀಗದ ಕೈ ಇದೆ, ಗುರುತಿನ ಚೀಟಿಯಿದೆ,
ಹದಿನೈದು ವರ್ಷದ ಹಿಂದೆ ಕಳೆದುಹೋದ ಏಣಿಯಿದೆ.
ತಲೆ ಇಲ್ಲ.

ಇನಾಯತ್ ಮೊದಲ ದಿನವೇ ಕೊಟ್ಟಾಯಿತು.
ಪೆನ್ಷನ್ ಮೊಹಲ್ಲಾದ ತಿರುವಿನಲ್ಲಿ ಟೀ ಕುಡಿದೆವು,
ಬೋರ್ಡು ನೋಡಿ ನಗಬಹುದಿತ್ತು.
“ದಬ್ಬೋಕೆ ಮುಂಚೆ ಎದ್ಬಿಡ್ಬೇಕು ಕಣೋ,
ಪಂಕ್ತೀಲಿ ಅದೇ ಮರ್ಯಾದೆ.”
ಮಜ್ಜಿಗೆ ಬರುವ ಮೊದಲೇ ಎಲೆ ಮಡಚುವುದಾ
ಅಂತ ಕೇಳಬೇಕೆನಿಸಿತು.
ಅವನ ಲೋಟ ಹಿಡಿದ ಕೈ ನೋಡಿ ಕೇಳಲಿಲ್ಲ.

ಈರಾಜು ಕೇಳಿದ, ಗುಂಡಿ ತೋಡುವ ಈರಾಜು,
ಹದಿನೆಂಟು ವರ್ಷ ಕಂಟ್ರಾಕ್ಟು, ಹತ್ತು ತಿಂಗಳ ಕೂಲಿ ಬಾಕಿ:
“ಅಣ್ಣ, ಆ ಫಾರಂ ನಂಗೂ ಕೊಡ್ತಾರಾ?”
ಇಲ್ಲ ಕಣೋ ಅಂದೆ.
“ಬಿಟ್ಟೋಗಕ್ಕೂ ಕೆಲ್ಸ ಪರ್ಮನೆಂಟ್ ಆಗಿರ್ಬೇಕಾ!”
ಹೊಟ್ಟೆ ಹಿಡಿದು ನಕ್ಕ.
ನಕ್ಕು ಮುಗಿದ ಮೇಲೆ ಹಾರೆ ಎತ್ತಿಕೊಂಡ.
ಅವನ ಎದುರು ನನ್ನ ದುಃಖವನ್ನು
ಎಲ್ಲಿಡುವುದು ಗೊತ್ತಾಗದೆ
ಜೇಬಿನಲ್ಲಿದ್ದ ಬೀಡಿ ಕೊಟ್ಟೆ.

ಇವತ್ತು ಸೋಮವಾರ. ಒಂದೇ ಒಂದು ಕಂಪ್ಲೇಂಟು:
ಸಾಲಗಾಮೆ ರಸ್ತೆ, ನೋಟರಿ ವಕೀಲರ ಆಫೀಸು, ಲೈನು ಸತ್ತಿದೆ.
“ಮೊಬೈಲಿದೆ, ಅವಸರವಿಲ್ಲ” ಅಂದಿದ್ದಾರಂತೆ.
ಅವಸರವಿಲ್ಲ ಅನ್ನುವ ಮಾತು
ಯಾಕೋ ಚುಚ್ಚಿತು, ಓಡಿಬಂದೆ.

ಕೆಳಗಿಳಿದೆ. ಹಸಿರು ಹಿಡಿದ ತಾಮ್ರ ಕೆರೆದು
ಬಿಳಿಗೆ ನೀಲಿ ಹೊಸೆದೆ.
ಟೆಸ್ಟ್ ಫೋನು ಕಚ್ಚಿಸಿದೆ: ಬಂತು
ಆ ಒಂದೇ ಸಮನೆಯ ಗುಂಯ್,
ಹೇಳು, ಯಾರು ಬೇಕು, ಅನ್ನುವ ಹಾಗೆ.
ನಂಬರು ಒತ್ತದೆ ಹಿಡಿದೇ ಇದ್ದರೆ
ತುಸು ಹೊತ್ತಿಗೆ ಬೇಸತ್ತು
ಕುಂಯ್ ಕುಂಯ್ ಶುರುಮಾಡುತ್ತದೆ.
ಗೊತ್ತಿದ್ದೂ ಹಿಡಿದೇ ಇದ್ದೆ.

ಮೇಲಿಂದ ಈರಾಜು: “ಬಂತಾ ಅಣ್ಣ?”
ಬಂತು ಅಂದೆ.
“ಮಣ್ಣು ಎಳೀಲಾ?”

ತಾಳೋ,
ನಾನಿನ್ನೂ ಒಳಗಿದೀನಿ.